ಬಲಗಿವಿಯ ಸಾಹೇಬರು

ನೊರೆ ಮೆತ್ತಿದ ಬೆರಳಿನಿಂದ ಬಲಗಿವಿಯ ಹೆಡ್‌ಸೆಟ್ಟಿನ ಗುಂಡಿಯನ್ನು ಒತ್ತಿ, “ಹಾಂ, ಹೇಳಿ ಸಾಹೇಬ್ರೇ, ಕೇಳ್ತಾ ಇದ್ದೀನಿ” ಎಂದು ಶುಕ್ರಿ ಹೇಳಿದಾಗ ಆ ತುದಿಯಲ್ಲಿ ಯಾರೂ ಇರಲಿಲ್ಲ. ಈ ತುದಿಯಲ್ಲಿ ಟ್ಯಾಕ್ಸಿ ಓಡಿಸುವ ಗಸ್ಸಾನ್ ಇದ್ದ. ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು, ಒಂದು ಕೆನ್ನೆ ನುಣ್ಣಗಾಗಿ ಇನ್ನೊಂದು ಕೆನ್ನೆ ಇನ್ನೂ ನೊರೆಯಲ್ಲಿದ್ದು, ಕುರ್ಚಿಗೆ ಒರಗಿಕೊಂಡು ಅವನು ಏನೋ ಕೇಳಿದ್ದ. ತುಟಿ ಅಲ್ಲಾಡಿದ್ದು ಕನ್ನಡಿಯಲ್ಲಿ ಕಂಡಿತ್ತು. ಕೊನೆಗೆ ಹುಬ್ಬು ಮೇಲೇರಿದ್ದರಿಂದ ಅದು ಪ್ರಶ್ನೆಯೆಂದೂ ಗೊತ್ತಾಗಿತ್ತು. ಮಾತು ಮಾತ್ರ ಬಂದಿರಲಿಲ್ಲ. ಶುಕ್ರಿ ಕುರ್ಚಿಯ ಎಡಬದಿಗೆ ನಿಂತು ಕನ್ನಡಿಯನ್ನು ನೋಡುತ್ತಿದ್ದರಿಂದ ಗಸ್ಸಾನನ ಬಾಯಿ ಅವನ ಬಲಗಿವಿಯ ಪಾಲಿಗೆ ಬಂದಿತ್ತು, ಆ ಕಿವಿಯೊಳಗೆ ಬಿದ್ದದ್ದು ಹತ್ತಿಯ ಮೂಟೆಯೊಳಗೆ ಕೂತು ಯಾರೋ ಗೊಣಗಿದಂಥ ಒಂದು ಶಬ್ದವಷ್ಟೆ. ಮೊದಲಾದರೆ ಇಂಥ ಹೊತ್ತಿನಲ್ಲಿ ಅವನು ನಕ್ಕುಬಿಡುತ್ತಿದ್ದ. ತಿಳಿಯದ ಮಾತಿಗೆ ನಗುವುದಕ್ಕಿಂತ ಸುಲಭದ ಉತ್ತರವಿಲ್ಲ ಅಂದುಕೊಂಡು ಎರಡು ವರ್ಷ ಹಾಗೆಯೇ ತಳ್ಳಿದ್ದ. ಆಮೇಲೆ ಒಂದು ದಿನ ಔಷಧಿ ಅಂಗಡಿಯವರು ತಮ್ಮ ಅತ್ತೆ ತೀರಿಕೊಂಡ ಸುದ್ದಿ ಹೇಳಿದಾಗಲೂ ಹಲ್ಲು ಕಿರಿದು, “ಒಳ್ಳೇದೇ ಆಯ್ತು ಬಿಡಿ” ಅಂದಿದ್ದ. ಔಷಧಿ ಅಂಗಡಿಯವರು ಬಹಳ ಹೊತ್ತು ಅವನ ಮುಖ ನೋಡಿ, ಕೊನೆಗೆ ಅವನ ಕೈ ಹಿಡಿದು, “ನಿನಗೆ ಒಬ್ಬನಿಗೇ ಗೊತ್ತು ಕಣಯ್ಯಾ ಆಕೆ ಎಂಥವಳು ಅಂತ” ಎಂದು ಹೇಳಿ ಹೋಗಿದ್ದರು. ಆ ಸಲ ಬಚಾವಾಗಿದ್ದ. ಪ್ರತಿ ಸಲವೂ ಹಾಗಾಗುವುದಿಲ್ಲ.

“ದೊಡ್ಡ ದೊಡ್ಡ ಜನ ಫೋನ್ ಮಾಡ್ತಾರಪ್ಪ ನಮ್ಮ ಚಿಕ್ಕಪ್ಪಂಗೆ” ಎಂದು ಗಸ್ಸಾನ್ ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರಿಗೆ ಹೇಳಿದ. ಅವನು ತಲೆ ಹೊರಳಿಸಿದ್ದರಿಂದ ಇಷ್ಟು ಮಾತ್ರ ಶುಕ್ರಿಯ ಎಡಗಿವಿಗೆ ಸಿಕ್ಕಿತು. “ಅಲ್ಲ ಚಿಕ್ಕಪ್ಪ, ನನ್ನ ಹೆಡ್‌ಸೆಟ್ಟಲ್ಲಿ ನೀಲಿ ದೀಪ ಮಿಣಕ್ ಮಿಣಕ್ ಅಂತದೆ. ನಿಮ್ಮದ್ರಲ್ಲಿ ಯಾವತ್ತೂ ಕಾಣ್ಲೇ ಇಲ್ವಲ್ಲ?”

“ಇದು ಹೊಸಾ ನಮೂನೆ. ದೀಪ ಒಳಗಿರುತ್ತೆ” ಎಂದು ಶುಕ್ರಿ ಹೇಳಿ, ಕತ್ತಿಯನ್ನು ಬಟ್ಟೆಗೆ ಒರೆಸಿ, ಆ ಕಡೆಯ ಸಾಹೇಬರಿಗೆ “ನಿಮಗಲ್ಲ, ನಿಮಗಲ್ಲ, ಇಲ್ಲೊಬ್ಬ ತಲೆಹರಟೆ ಕೂತಿದ್ದಾನೆ” ಎಂದು ಸಮಾಧಾನವನ್ನೂ ಹೇಳಿದ. ಬೆಂಚಿನವರು ನಕ್ಕರು. ಅವನಿಗೂ ಒಳಗೊಳಗೇ ಖುಷಿಯಾಯಿತು. ಆ ತುದಿಯಲ್ಲಿ ಇಲ್ಲದ ಈ ಮಮ್ದೂಹ್ ಸಾಹೇಬರು ಹುಟ್ಟಿ ಏಳು ತಿಂಗಳಾಗಿತ್ತು. ಮೊದಲಿಗೆ ಅವರಿಗೆ ಹೆಸರೂ ಇರಲಿಲ್ಲ. ಬರೀ “ಹಾಂ, ಹೂಂ, ಆಮೇಲೆ ಮಾಡ್ತೀನಿ” ಅಷ್ಟೇ ಇತ್ತು. ಆದರೆ ಬರೀ ಹೂಂಗುಟ್ಟುತ್ತ ಎಷ್ಟು ದಿನ ಇರಲಾಗುತ್ತದೆ? ಯಾರೋ ಒಬ್ಬರು ಬೇಕಾಗುತ್ತಾರೆ. ಹೀಗೆ ಹೆಸರು ಬಂತು, ಹೆಸರಿನ ಹಿಂದೆ ಒಂದು ಸಣ್ಣ ಕೆಮ್ಮು ಬಂತು, ತಾಳ್ಮೆ ಬಂತು. ಮಮ್ದೂಹ್ ಸಾಹೇಬರು ಯಾವತ್ತೂ ಎರಡು ಸಲ ಹೇಳಿಸುತ್ತಿರಲಿಲ್ಲ. ಶುಕ್ರಿಗೆ ಹೇಳಬೇಕೆನಿಸಿದ್ದನ್ನೆಲ್ಲ ಕೇಳುತ್ತಿದ್ದರು. ಲುವೈಬ್ದೆ ಬಡಾವಣೆಯ ಆ ಬೀದಿಯಲ್ಲಿ ಅವನಿಗೆ ಒಂಥರಾ ತೂಕ ಬಂದಿತ್ತು. ಅಬ್ದಲಿ ಪೇಟೆಯಲ್ಲಿ ಎರಡನೆಯ ಅಂಗಡಿ ಹಾಕುತ್ತಿದ್ದಾನಂತೆ ಎಂದು ಕೆಲವರು ಅಂದರು. ಅಂಗಡಿಯಲ್ಲ, ಮಾದಬಾ ಊರಿನಲ್ಲಿ ಎರಡನೆಯ ಹೆಂಡತಿ ಎಂದು ಉಳಿದವರು ಅಂದರು. ಈ ಎರಡನೆಯ ಸುದ್ದಿ ಹೆಂಡತಿ ಇಂತಿಸಾರಳ ಕಿವಿಗೂ ಬಿದ್ದು, ಅವಳು ಒಂದು ಮಧ್ಯಾಹ್ನ ಮಕ್ಲೂಬೆ ಅನ್ನದ ತಟ್ಟೆಯನ್ನು ಅವನ ಮುಂದೆ ಇಡುತ್ತ, “ಮಾದಬಾದವಳು ಮಕ್ಲೂಬೆಗೆ ಬದನೆಕಾಯಿ ಹಾಕ್ತಾಳೋ, ಹೂಕೋಸು ಹಾಕ್ತಾಳೋ?” ಎಂದು ಕೇಳಿದ್ದಳು. ಅವನು ಗಾಬರಿಯಾಗಿ ಆಣೆ ಹಾಕಲು ಹೊರಟರೆ, “ಸುಮ್ನಿರಿ. ನಿಮ್ಮನ್ನ ಯಾರ್ ಕಟ್ಕೋತಾರೆ? ತಮಾಷೆಗೆ ಕೇಳ್ದೆ” ಅಂದುಬಿಟ್ಟಳು. ಅವಳು ನಂಬದೆ ಹೋದದ್ದು ಅವನಿಗೆ ಸ್ವಲ್ಪ ಬೇಜಾರನ್ನೂ ತಂದಿತ್ತು.

ನೊರೆಯ ಕೊನೆಯ ಪಟ್ಟಿಯನ್ನು ಗಸ್ಸಾನನ ದವಡೆಯಿಂದ ಎಳೆಯುವಾಗ ಕತ್ತಿಯ ಕರಕರ ಸದ್ದು ಅವನಿಗೆ ಎಡಗಿವಿಯಲ್ಲಷ್ಟೇ ಕೇಳುತ್ತಿತ್ತು. ಹಿಂದೆ ಆ ಸದ್ದು ತಲೆಯ ಎರಡೂ ಕಡೆ ಹರಡಿಕೊಂಡು ನಡುವೆ ಎಲ್ಲೋ ಕೂಡುತ್ತಿತ್ತು. ಮೂವತ್ತು ವರ್ಷ ಕೂದಲೊಣಗಿಸುವ ಯಂತ್ರವನ್ನು ಬಲಗೈಯಲ್ಲಿ ಹಿಡಿದದ್ದೇ ಕಾರಣವಿರಬಹುದು, ಅಥವಾ ಅಪ್ಪನ ಕಡೆಯಿಂದಲೇ ಬಂದದ್ದೋ. ಡಾಕ್ಟರಿಗೆ ತೋರಿಸಿದ್ದರೆ ತಿಳಿಯುತ್ತಿತ್ತು. ತೋರಿಸಿದರೆ ಕಿವಿಯ ಹಿಂದೆ ಶ್ರವಣಯಂತ್ರವೆಂಬ ಆ ಚರ್ಮದ ಬಣ್ಣದ ಹುಳುವನ್ನು ಅಂಟಿಸುತ್ತಾರೆ. ಅದನ್ನು ಅಂಟಿಸಿಕೊಂಡ ಕ್ಷೌರಿಕನ ಕೈಗೆ ಗಂಟಲು ಕೊಡುವವರು ಯಾರು? ಕೈ ನಡುಗುವವನನ್ನು ಹೇಗೋ ಕ್ಷಮಿಸಿಯಾರು. ಹೇಳಿದ್ದು ಕೇಳದವನನ್ನು? ಅದಕ್ಕೇ ಮಗಳಿಗೂ ಸುಳ್ಳು ಹೇಳಿದ್ದ. ಅಕಬಾದಲ್ಲಿ ಶಾಲೆಯ ಕೆಲಸ ಮಾಡುವ ರುದೈನಾ (ಅವನಿಗಿರುವುದು ಅವಳೊಬ್ಬಳೇ, ಬೀದಿಯ ಜನ ಅವನನ್ನು ಅಬೂ ರುದೈನಾ, ಅಂದರೆ ರುದೈನಾಳ ಅಪ್ಪ, ಎಂದೂ ಕರೆಯುತ್ತಾರೆ) ದಿನಾ ಫೋನ್ ಮಾಡಿ ಮಾಡಿ ಸೋತು, “ಯಾಕಪ್ಪ ಎತ್ತಲ್ಲ?” ಎಂದರೆ, “ಕೈತುಂಬಾ ನೊರೆ ಇರುತ್ತಲ್ಲ ಮಗಳೇ” ಅಂದಿದ್ದ. ಅವಳು ಅದನ್ನು ನಂಬಿ, ರಮದಾನಿನ ರಜೆಗೆ ಬಂದಾಗ ಈ ತಂತಿಯಿಲ್ಲದ ಹೆಡ್‌ಸೆಟ್ಟನ್ನು ತಂದಳು. ತಾನೇ ಫೋನಿಗೆ ಜೋಡಿಸಿ, “ಈ ಗುಂಡಿ ಒತ್ತಿದ್ರೆ ಸಾಕು. ಮೊಣಕೈಲೂ ಒತ್ತಬಹುದು” ಎಂದು ಮೊಣಕೈಯನ್ನು ಕಿವಿಗೆ ತಾಗಿಸಲು ಹೋಗಿ ಆಗದೆ ಬಿದ್ದು ಬಿದ್ದು ನಕ್ಕಿದ್ದಳು. ಅವಳು ಹೊರಟ ಮೇಲೆ ಅದನ್ನು ಎಡಗಿವಿಗೆ ಹಾಕಿ ನೋಡಿದ. ಅವಳ ದನಿ ಪಕ್ಕದಲ್ಲೇ ಕೂತಂತೆ ಕೇಳಿತು, ನಿಜ. ಆದರೆ ಅಂಗಡಿಯೆಂಬ ಅಂಗಡಿಯೇ ಮುಳುಗಿಹೋಯಿತು. ಗಿರಾಕಿಯ ಗಂಟಲ ಮೇಲೆ ಕತ್ತಿ, ಗಿರಾಕಿಯ ಬಾಯಿ ಮೀನಿನಂತೆ ತೆರೆದು ಮುಚ್ಚಿ. ಹೆದರಿ ಕಿತ್ತು ಡ್ರಾಯರಿಗೆ ಹಾಕಿದ್ದ. ಮತ್ತೆ ಹೊರಗೆ ತೆಗೆದದ್ದು ಅಬೂ ಹಾಝಿಮರ ಮೀಸೆ ಹೋದ ನಂತರ.

“ನಈಮನ್” ಎಂದು, ಕ್ಷೌರವಾದವನಿಗೆ ಹೇಳುವ ಶುಭದ ಮಾತನ್ನು ಹೇಳಿ, ಅವನು ಗಸ್ಸಾನನ ಕೊರಳಿನ ಬಟ್ಟೆಯನ್ನು ಕೊಡವಿದ. ಗಸ್ಸಾನ್ ಕೆನ್ನೆ ಸವರಿಕೊಂಡು ಎದ್ದವನು ಹೊರಗೆ ಹೋಗಲಿಲ್ಲ. ಗುರುವಾರದ ಮಧ್ಯಾಹ್ನ, ಮರಮಿಯ್ಯ ಎಲೆ ಹಾಕಿದ ಚಹಾದ ಕೆಟಲು ಕುದಿಯುತ್ತಿತ್ತು, ಬೆಂಚಿನವರ ಜೊತೆ ತಾನೂ ಒತ್ತಿಕೊಂಡು ಕೂತ. ಬಟ್ಟೆಯಿಂದ ಉದುರಿದ ಕೂದಲನ್ನು ಕಾಲಿನಿಂದ ಸರಿಸುತ್ತ ಶುಕ್ರಿ ಕನ್ನಡಿಯ ಕಡೆ ನೋಡಿದಾಗ ಬಾಗಿಲಿನಲ್ಲಿ ಅಬೂ ಹಾಝಿಮರು ನಿಂತಿದ್ದರು.

ಅವನು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಮೀಸೆಯನ್ನು. ಏಳು ತಿಂಗಳಲ್ಲಿ ಅದು ಮತ್ತೆ ಬೆಳೆದಿತ್ತು, ಆದರೆ ಹಳೆಯ ಮೀಸೆಯಲ್ಲ. ಹಳೆಯದು ತುದಿಗಳನ್ನು ಮೇಲೆತ್ತಿ ಎರಡೂ ಕೆನ್ನೆಗಳನ್ನು ಅಳೆದು ಹಂಚಿಕೊಂಡಂತಿತ್ತು. ಇದು ಇಳಿಬಿದ್ದಿತ್ತು. ಭೂಮಾಪನ ಇಲಾಖೆಯಲ್ಲಿ ನಲವತ್ತು ವರ್ಷ ನಕ್ಷೆ ಬರೆದ ಮನುಷ್ಯ. ಒಂದು ಕೂದಲೆಳೆಯಷ್ಟು ಗೆರೆ ಅತ್ತಿತ್ತ ಆಗದಂತೆ ಬರೆದವರು, ಮಾತನ್ನೂ ಹಾಗೆಯೇ ಆಡುವವರು. ಮೆಲ್ಲಗೆ, ಅಳೆದು, ಒಂದು ಮಾತು ಹೆಚ್ಚಿಲ್ಲ. ಆ ಮೆಲುದನಿಯೇ ಎಡವಟ್ಟಾಯಿತು. ಆವತ್ತು ಅವರು ಕಣ್ಣು ಮುಚ್ಚಿ ಒರಗಿಕೊಂಡು, “ಮೀಸೆ ಮುಟ್ಟಬೇಡ” ಅಂದಿದ್ದರು. ಶುಕ್ರಿಗೆ ಕೇಳಿಸಿದ್ದು “ಮೀಸೆ”, ಆಮೇಲೆ ಹತ್ತಿಯ ಮೂಟೆ, ಆಮೇಲೆ “ಬೇಡ”. ಅವನಿಗೆ ಆಶ್ಚರ್ಯವೇನೋ ಆಗಿತ್ತು. ಮೂವತ್ತು ವರ್ಷದ ಮೀಸೆ ಬೇಡವೇ? ಆದರೆ ಇನ್ನೊಂದು ಸಲ ಕೇಳಲು ನಾಚಿಕೆ. ಕೇಳಿದರೆ ಕಿವುಡನೆಂದು ತಿಳಿದುಬಿಟ್ಟರೆ? ನೊರೆ ಹಚ್ಚಿ, ಎರಡೇ ಎಳೆತ. ಅಬೂ ಹಾಝಿಮರು ಕಣ್ಣು ಬಿಟ್ಟು ಕನ್ನಡಿಯಲ್ಲಿ ಕಂಡ ಅಪರಿಚಿತನನ್ನು ಬಹಳ ಹೊತ್ತು ನೋಡಿ, ಕಿರುಚಲಿಲ್ಲ, ಬೈಯಲಿಲ್ಲ. “ನಾನು ಮುಟ್ಟಬೇಡ ಅಂದಿದ್ದೆ” ಎಂದರು, ಅಷ್ಟೆ. ಅಂಗಡಿ ತುಂಬ ಜನ. ಎಲ್ಲರ ಕಣ್ಣೂ ಅವನ ಮೇಲೆ. “ದೇವರಾಣೆ, ಬೇಡ ಅಂತ ನೀವೇ ನಿಮ್ಮ ಬಾಯಿಂದ ಹೇಳಿದ್ರಿ!” ಅದು ಸುಳ್ಳಾಣೆಯೇ? ಅವನು ಇದನ್ನು ನೂರು ಸಲ ತೂಗಿ ನೋಡಿದ್ದ. “ಬೇಡ” ಎಂದು ಹೇಳಿದ್ದು ನಿಜ, ಕೇಳಿದ್ದೂ ನಿಜ. ಅಕ್ಷರಕ್ಕೆ ಅಕ್ಷರ ಹಿಡಿದರೆ ಆಣೆಯಲ್ಲಿ ತಪ್ಪಿಲ್ಲ. ಆದರೆ ಆಣೆ ಬಾಯಿಂದ ಹೊರಗೆ ಬೀಳುತ್ತಿದ್ದಂತೆಯೇ ಅವನಿಗೆ ನಡುವಿನ ಮಾತು ಏನಿದ್ದಿರಬೇಕೆಂಬುದು ಹೊಳೆದುಬಿಟ್ಟಿತ್ತಲ್ಲ? ಹೊಳೆದ ಮೇಲೂ ಸುಮ್ಮನೆ ನಿಂತದ್ದು? ಹೊಟ್ಟೆ ಸರಿಯಿಲ್ಲವೆಂದು ಹೆಂಡತಿಗೆ ಹೇಳಿ ಮೂರು ದಿನ ಉಪವಾಸ ಮಾಡಿ ಆಣೆಯ ದೋಷವನ್ನು ಕಳೆದುಕೊಂಡಿದ್ದ. ದೇವರ ಪಾಲಿನದು ಕಳೆಯಿತು. ಅಬೂ ಹಾಝಿಮರ ಪಾಲಿನದು ಹಾಗೆಯೇ ಉಳಿದಿತ್ತು.

ಯಾಕೆಂದರೆ ಅಬೂ ಹಾಝಿಮರು ಅವನ ಆಣೆಯನ್ನು ನಂಬಿಬಿಟ್ಟಿದ್ದರು. ಇದನ್ನು ಅವನು ಎಣಿಸಿರಲಿಲ್ಲ. ಅವರು ಜಗಳ ಕಾಯುತ್ತಾರೆ, ಬೀದಿಯವರು ನಡುವೆ ಬರುತ್ತಾರೆ, ಕಾಫಿ ಕುಡಿದು ಮುಗಿಯುತ್ತದೆ ಅಂದುಕೊಂಡಿದ್ದ. ಅವರು ಮನೆಗೆ ಹೋಗಿ ಯೋಚನೆಗೆ ಕೂತರು. ರೊಟ್ಟಿ ಅಂಗಡಿಯಲ್ಲಿ ಅವರ ಹೆಂಡತಿ ಉಮ್ಮ್ ಹಾಝಿಮ್ ಇಂತಿಸಾರಳಿಗೆ ಹೇಳಿದ್ದು, ಇಂತಿಸಾರ್ ಅವನಿಗೆ ಬಂದು ಹೇಳಿದ್ದು: ಅವರು ಈಗ ಎಲ್ಲವನ್ನೂ ಚೀಟಿಯಲ್ಲಿ ಬರೆದಿಡುತ್ತಾರೆ, ಒಲೆ ಆರಿಸಿದೆ, ಬಾಗಿಲು ಹಾಕಿದೆ, ಮಾತ್ರೆ ತಗೊಂಡೆ, ಡಾಕ್ಟರ ಹತ್ತಿರ ಹೋಗಿದ್ದರು, ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯಿಸಿದರು, ಏನೂ ಇಲ್ಲ ಹೋಗಿ ಎಂದರು, ಅವರು ಮಾತ್ರ, “ಮೀಸೆ ತೆಗಿ ಅಂತ ಹೇಳಿದ್ದು ನನಗೆ ನೆನಪೇ ಇಲ್ಲ. ಡಾಕ್ಟರಿಗೇನು ಗೊತ್ತು?” ಎಂದು ಕೂತಿದ್ದಾರೆ. ಇದನ್ನು ಕೇಳಿದ ದಿನ ಶುಕ್ರಿಗೆ ಅನ್ನ ಇಳಿದಿರಲಿಲ್ಲ. ಹೋಗಿ ಹೇಳಬೇಕು ಅಂದುಕೊಂಡ. ನಾಳೆ ಹೇಳುತ್ತೇನೆ ಅಂದುಕೊಂಡ. ಆ ವಾರವೇ ಟ್ಯಾಕ್ಸಿಯ ಕಿಟಕಿಯಲ್ಲಿ ಯಾರೋ ಕೂಗಿದ್ದಕ್ಕೆ ಗಸ್ಸಾನ್ ಬೆರಳಿನಿಂದ ತನ್ನ ಕಿವಿಯ ಹೆಡ್‌ಸೆಟ್ಟನ್ನು ತೋರಿಸಿದ್ದನ್ನೂ, ಕೂಗಿದವನು ಮರ್ಯಾದೆಯಿಂದ ಹಿಂದೆ ಸರಿದದ್ದನ್ನೂ ನೋಡಿದ. ಅಬೂ ಹಾಝಿಮರ ಮನೆಗೆ ಹೋಗಿ ಹೇಳುವ ಬದಲು ಡ್ರಾಯರ್ ತೆಗೆದ.

ಅಬೂ ಹಾಝಿಮರು ಸಲಾಂ ಹೇಳಿದರು. ಬೆಂಚಿನ ಮೂವರೂ ಎದ್ದು ಜಾಗ ಕೊಟ್ಟರು. “ಮೊದಲು ನೀವೇ ಕೂತ್ಕೊಳ್ಳಿ ಹಿರಿಯರೇ” ಎಂದು ಸರದಿಯಲ್ಲಿದ್ದವನು ಕುರ್ಚಿ ತೋರಿಸಿದ. ಅವರು ಕುರ್ಚಿಯಲ್ಲಿ ಕೂತು, ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಶುಕ್ರಿಯ ಕಡೆ ಚಾಚಿದರು. ನಕ್ಷೆಯ ಕೆಳಗೆ ಬರೆಯುವಂಥ ಸಣ್ಣ, ನೆಟ್ಟಗಿನ ಅಕ್ಷರ. ಕೂದಲು ಕಿವಿಯ ಮೇಲೆ ಒಂದು ಬೆರಳಿನಷ್ಟು. ಗಡ್ಡ ಪೂರ್ತಿ ತೆಗೆಯಬೇಕು. ಮೀಸೆ ಮುಟ್ಟಬಾರದು. ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ, ಸ್ಕೇಲು ಇಟ್ಟು ಎಳೆದದ್ದು.

“ಬರ್ಕೊಂಡು ಬಂದಿದ್ದೀನಿ ಶುಕ್ರಿ” ಎಂದರು ಅವರು. ಈಗ ಅವನು ಅವರ ಬಲಕ್ಕೆ ನಿಂತಿದ್ದ; ಒಂದೊಂದು ಮಾತೂ ಎಡಗಿವಿಯೊಳಗೆ ನೇರವಾಗಿ ಬಂತು. “ನಾಳೆ ತಂಗಿ ಮೊಮ್ಮಗನಿಗೆ ಹೆಣ್ಣು ಕೇಳೋಕ್ಕೆ ಹೋಗ್ಬೇಕು, ಹಿರಿಯರ ಸಾಲಲ್ಲಿ ಕೂರ್ಬೇಕು. ಹಾಗಾಗಿ ಬಂದೆ. ನನ್ನ ಬಾಯಿ ಮೇಲೆ ಈಗ ನನಗೆ ನಂಬಿಕೆ ಇಲ್ಲ. ನಡುವೆ ನಾನೇ ಬೇರೆ ಏನಾದ್ರೂ ಅಂದ್ರೆ ಕೇಳ್ಬೇಡ. ಚೀಟಿ ನೋಡು.”

“ನಿಮ್ಮ ಮನೆತನದ ಪರವಾಗಿ ಮಾತಾಡೋದು ನೀವೇ ತಾನೇ ಯಾವಾಗ್ಲೂ?” ಎಂದು ಗಸ್ಸಾನ್ ಕೇಳಿದ.

“ಈ ಸಲ ನನ್ನ ಮಗ ಮಾತಾಡ್ತಾನೆ. ಅಷ್ಟು ಜನರ ಮುಂದೆ ನಾನು ಹುಡುಗಿ ಹೆಸರೇ ಮರೆತುಬಿಟ್ರೆ?”

ಶುಕ್ರಿ ಅವರ ಕೊರಳಿಗೆ ಬಟ್ಟೆ ಕಟ್ಟಿದ. ಗಂಟು ಸರಿಬೀಳಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದ. ಕಾಗದವನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ; ಎರಡು ಕೆಂಪು ಗೆರೆಗಳು ಸರಿಯಾಗಿ ಅವನ ಕಣ್ಣಿನ ಎತ್ತರಕ್ಕೆ ಬಂದವು. ಇಲ್ಲಿಂದ ಎಲ್ಲಿಗಾದರೂ ಹೋಗಬೇಕೆನಿಸಿತು. ಹೋಗುವುದಕ್ಕೆ ಒಂದೇ ಜಾಗವಿತ್ತು. ಕೈ ತಾನಾಗಿಯೇ ಮೇಲೇರಿ ಗುಂಡಿಯನ್ನು ಒತ್ತಿತು. “ಹಲೋ, ಮಮ್ದೂಹ್ ಸಾಹೇಬ್ರೇ... ಕ್ಷಮಿಸಿ ಹಿರಿಯರೇ, ಒಂದು ನಿಮಿಷ... ಹಾಂ ಸಾಹೇಬ್ರೇ, ಹೇಳಿ.” ಕತ್ತರಿ ಹಿಡಿದು ಕುರ್ಚಿಯನ್ನು ಸುತ್ತಿ ಎಡಬದಿಗೆ ಬಂದ. ಮಮ್ದೂಹ್ ಸಾಹೇಬರು ಇವತ್ತು ಏನೂ ಮಾತಾಡಲಿಲ್ಲ, ಕೆಮ್ಮಲೂ ಇಲ್ಲ. ಸುಮ್ಮನೆ ಕೇಳುತ್ತ ಕೂತಂತಿತ್ತು. “ಹೌದು ಸಾಹೇಬ್ರೇ. ಗೊತ್ತು. ತಪ್ಪು ನಂದೇ... ಇಲ್ಲ, ಅವರದೇನೂ ಇಲ್ಲ. ಅವರು ಸರಿಯಾಗೇ ಹೇಳಿದ್ರು...” ಎಂದು ಯಾರದೋ ವ್ಯವಹಾರದಂತೆ ಹೇಳುತ್ತ ಹೋದಂತೆ ಎದೆ ಸ್ವಲ್ಪ ಸಡಿಲವಾಯಿತು. ಬಲಗಡೆಯ ಗೂಡಿನಲ್ಲಿ ಸಾಲಾಗಿದ್ದ ಕಲೋನ್ ಬಾಟಲುಗಳಲ್ಲಿ ತುದಿಯದರ ಒಳಗಿನ ಹಳದಿ ನೀರು ಸಣ್ಣಗೆ ನಡುಗುತ್ತಿದ್ದುದು ಕಣ್ಣಿಗೆ ಬಿತ್ತು. ಬೀದಿಯಲ್ಲಿ ದೊಡ್ಡ ಲಾರಿ ಹೋಗುತ್ತಿರಬೇಕು ಅಂದುಕೊಂಡ. ನೀರು ನಡುಗಿ ನಿಂತಿತು, ಮತ್ತೆ ನಡುಗಿತು. “ಆಣೆ ಹಾಕ್ಬಾರ್ದಿತ್ತು ನಾನು, ನಿಜ ಸಾಹೇಬ್ರೇ...” ಲಾರಿಯಾದರೆ ಉಳಿದ ಬಾಟಲುಗಳೂ ನಡುಗಬೇಕಲ್ಲ? ಕನ್ನಡಿ ನೋಡಿದ. ಕನ್ನಡಿಯಲ್ಲಿ ಬೆಂಚಿನ ಮೂವರೂ ಅವನ ಕಡೆ ನೋಡುತ್ತಿರಲಿಲ್ಲ, ಗೂಡಿನ ಕಡೆ ನೋಡುತ್ತಿದ್ದರು. ಗಸ್ಸಾನನ ಬಾಯಿ ಒಂದು ಮೂಲೆಯಿಂದ ಶುರುವಾಗಿ ಕಿವಿಯವರೆಗೆ ಅಗಲವಾಗುತ್ತಿತ್ತು. ಆಗ ಅವನಿಗೆ ತಿಳಿಯಿತು. ಬಾಟಲಿನ ಪಕ್ಕದಲ್ಲಿ ಅವನ ಫೋನು ಬೆಳಕು ಹೊತ್ತಿಸಿಕೊಂಡು, ಮೈಯೆಲ್ಲ ನಡುಗಿಸಿಕೊಂಡು, ಇಡೀ ಅಂಗಡಿಗೆ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಅವನ ಎಡಗಿವಿಯಲ್ಲಿ ಮಾತ್ರ ಕೆಟಲಿನ ಕುದಿತವೂ ಅವನದೇ ಮಾತೂ ತುಂಬಿಕೊಂಡಿದ್ದವು. ತಿಂಗಳುಗಟ್ಟಲೆ ಚಾರ್ಜಿಗೆ ಇಡದ ಹೆಡ್‌ಸೆಟ್ಟು ಸತ್ತು ಎಷ್ಟು ಕಾಲವಾಗಿತ್ತೋ. ಬಂದ ಕರೆ ಫೋನಿನಲ್ಲೇ ಬಡಿದುಕೊಳ್ಳದೆ ಇನ್ನೆಲ್ಲಿ ಹೋಗಬೇಕು?

“ಚಿಕ್ಕಪ್ಪ” ಎಂದು ಗಸ್ಸಾನ್ ಕೂಗಿ ಹೇಳಿದ, “ಸಾಹೇಬ್ರು ಒಂದು ಕಿವಿಲಿ ಮಾತಾಡ್ತಾ ಇನ್ನೊಂದು ಕಡೆಯಿಂದ ಫೋನ್ ಬೇರೆ ಮಾಡ್ತಿದ್ದಾರಾ? ಭಾರೀ ಅವಸರದ ಮನುಷ್ಯ!” ಬೆಂಚು ಅಲುಗಾಡುವಷ್ಟು ನಗು. “ಸಾಹೇಬ್ರೂ ಇಲ್ಲ ಗೀಹೇಬ್ರೂ ಇಲ್ಲ, ಅದು ಮಾದಬಾದವಳೇ. ಒಳ್ಳೇ ಹೆಂಗಸು ಬಿಡಿ, ಮಾತೇ ಆಡಲ್ಲ!”

ಶುಕ್ರಿ ಸಿಕ್ಕಿಬಿದ್ದಿದ್ದ. ಆದರೂ, ವಿಚಿತ್ರವೆಂದರೆ, ಆ ನಗುವಿನಲ್ಲಿ ಒಂದು ಬಾಗಿಲು ತೆರೆದೇ ಇತ್ತು. ಮಾದಬಾದವಳು ಎಂದು ನಕ್ಕುಬಿಟ್ಟರೆ ಆಯಿತು. ಒಂಟಿಯಾಗಿ ಮಾತಾಡಿಕೊಳ್ಳುವ ಮುದುಕ ಎಂದರೂ ಆಯಿತು. ಒಂದು ವಾರ ಆಡಿಕೊಂಡು ಬಿಡುತ್ತಾರೆ. ಕಿವಿಯ ಮಾತು ಯಾರ ತಲೆಗೂ ಬಂದಿಲ್ಲ. ಅವನು ನಗುವುದಕ್ಕೆ ಬಾಯನ್ನು ಸಿದ್ಧ ಮಾಡಿಯೂ ಮಾಡಿದ. ಅಷ್ಟರಲ್ಲಿ ಅಬೂ ಹಾಝಿಮರು ಬಿಳಿ ಬಟ್ಟೆಯ ಒಳಗಿನಿಂದ ಕೈ ಹೊರಗೆ ತೆಗೆದು, ಗೂಡಿನಿಂದ ಫೋನನ್ನು ಎತ್ತಿಕೊಂಡು, ಹೆಸರನ್ನು ದೂರ ಹಿಡಿದು ಓದಿ, ಕಿವಿಗಿಟ್ಟುಕೊಂಡರು.

“ರುದೈನಾ? ನಾನಮ್ಮ, ಅಬೂ ಹಾಝಿಮ್... ಇದ್ದಾನೆ, ಇಲ್ಲೇ ನಿಂತಿದ್ದಾನೆ. ಬೇರೆ ಫೋನಲ್ಲಿ ಮಾತಾಡ್ತಿದ್ದ... ಬೇರೆ ಫೋನೇ ಇಲ್ವಾ?” ಅವರು ಫೋನನ್ನು ಹಾಗೆಯೇ ಗೂಡಿನಲ್ಲಿ ಇಟ್ಟರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಬೆಂಚಿನ ಕಡೆ ತಿರುಗಿ, ಸಭೆಯಲ್ಲಿ ಮಗುವೊಂದು ಕೇಳಿದ ಹಾಗೆ ಕೇಳಿದರು: “ಈ ಫೋನು ಈಗ ಹೊಡ್ಕೊಂಡಿತು ತಾನೇ? ನಿಮಗೂ ಕೇಳಿಸ್ತು ತಾನೇ? ಇವನು ಪಕ್ಕದಲ್ಲೇ ನಿಂತು ಕೇಳಿಸದ ಹಾಗೆ ಇದ್ದ. ಅದಕ್ಕೇ ಕೇಳ್ದೆ. ನನಗೊಬ್ಬನಿಗೇ ಕೇಳಿಸಿದ್ದೋ ಏನೋ ಅಂತ.”

ಯಾರೂ ನಗಲಿಲ್ಲ. ಶುಕ್ರಿಗೆ ಆ ಕ್ಷಣ ತನ್ನ ಕಾಲ ಕೆಳಗಿನ ಕೂದಲುಗಳೆಲ್ಲ, ಕಪ್ಪು, ಬಿಳಿ, ಬೂದು, ಒಂದೊಂದಾಗಿ ಸ್ಪಷ್ಟ ಕಂಡವು. ಕತ್ತರಿಯನ್ನು ಕೆಳಗಿಟ್ಟ. ಯಾವ ಮಾತಿನಿಂದ ಶುರು ಮಾಡಬೇಕೆಂದು ಏಳು ತಿಂಗಳು ಜೋಡಿಸಿದ್ದೆಲ್ಲ ಮರೆತುಹೋಗಿತ್ತು.

“ನನಗೆ ಕೇಳಿಸ್ಲಿಲ್ಲ ಹಿರಿಯರೇ. ನನ್ನ ಬಲಗಿವಿ ಸತ್ತಿದೆ. ಮೂರು ವರ್ಷ ಆಯ್ತು. ಇದು” ಎಂದು ಹೆಡ್‌ಸೆಟ್ಟನ್ನು ಕಿತ್ತು ಅವರ ಮಡಿಲಲ್ಲಿ ಹಾಕಿದ, “ಇದು ಬರೀ ನಾಟಕ. ಇದರಲ್ಲಿ ಜೀವ ಇಲ್ಲ. ಆವತ್ತು ನೀವು ಮುಟ್ಟಬೇಡ ಅಂದಿದ್ರಿ. ನನಗೆ ಬೇಡ ಅಷ್ಟೇ ಕೇಳಿಸ್ತು. ಇನ್ನೊಂದ್ಸಲ ಕೇಳೋಕ್ಕೆ ನಾಚಿಕೆ ಆಯ್ತು. ಆಮೇಲೆ ಹೇಳೋಕ್ಕೂ ನಾಚಿಕೆ ಆಯ್ತು. ನಿಮ್ಮ ತಲೆ ಸರಿಯಾಗೇ ಇದೆ.”

ಅಬೂ ಹಾಝಿಮರು ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದರು. “ಮುಟ್ಟಬೇಡ ಅಂದಿದ್ದೆ.”

“ಅಂದಿರ್ಬೇಕು.”

“ಅಂದಿರ್ಬೇಕು ಅಲ್ಲ.”

“ಅಂದಿದ್ರಿ.”

“ಇವರಿಗೂ ಕೇಳೋ ಹಾಗೆ ಹೇಳು.”

“ಅಂದಿದ್ರಿ! ಮೀಸೆ ಮುಟ್ಟಬೇಡ ಅಂತ ಅಬೂ ಹಾಝಿಮ್ ಅವ್ರು ಹೇಳಿದ್ರು! ಕಿವುಡ ನಾನು!” ಅವನ ದನಿ ಬೀದಿಯವರೆಗೆ ಹೋಯಿತು, ಕಡಲೆ, ಬಾದಾಮಿ ಹುರಿಯುವ ಅಂಗಡಿಯವನು ಎದುರಿನಿಂದ ತಲೆ ಹೊರಗೆ ಹಾಕಿ ನೋಡಿದ.

ಅಬೂ ಹಾಝಿಮರು ಎದ್ದು ನಿಂತರು. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಕಾಲಿನವರೆಗೂ ಇಳಿದಿತ್ತು. ಮೀಸೆಯ ಎರಡೂ ತುದಿ ನಡುಗುತ್ತಿದ್ದವು. ಹೊಡೆಯುತ್ತಾರೆ ಅಂದುಕೊಂಡ ಶುಕ್ರಿ, ಹೊಡೆಯಲಿ ಎಂದು ಕೆನ್ನೆಯನ್ನು ಸ್ವಲ್ಪ ಮುಂದೆಯೂ ತಂದ. ಅವರು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ಆಮೇಲೆ ಅದೇ ಕೈಯಲ್ಲಿ ಹೆಗಲಿಗೆ ಒಂದು ಗುದ್ದು ಕೊಟ್ಟರು.

“ಕತ್ತೆ! ಏಳು ತಿಂಗಳು! ಏಳು ತಿಂಗಳು ಒಲೆ ಆರಿಸಿದ್ನಾ ಅಂತ ಎದ್ದೆದ್ದು ನೋಡಿದ್ದೀನಿ ಕಣೋ! ನನ್ನ ಕೈಲಿ ಗಡಿಯಾರ ಬರೆಸಿದ್ರು! ಈ ದೇಶದ ಒಂದೊಂದು ಕಣಿವೆನೂ ಬರೆದ ಕೈಲಿ ಗಡಿಯಾರ! ಸಣ್ಣ ಮುಳ್ಳು ಎಲ್ಲಿ ದೊಡ್ಡ ಮುಳ್ಳು ಎಲ್ಲಿ ಅಂತ ಒಬ್ಬ ಹಾಲುಗಲ್ಲದ ಡಾಕ್ಟರು ನನ್ನ ಕೇಳ್ತಾನೆ!” ಅವರು ನಗುತ್ತಿದ್ದರೋ ಅಳುತ್ತಿದ್ದರೋ ಅವನಿಗೆ ಹೇಳಲಾಗಲಿಲ್ಲ. ಇಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಈಗ ಬಲಗಿವಿಗೂ ಅರ್ಧಂಬರ್ಧ ಕೇಳಿಸಿತು. “ಎಲ್ಲಿ, ನನ್ನ ಫೋನೆಲ್ಲಿ?” ಎಂದು ಬಟ್ಟೆಯೊಳಗೆ ತಡಕಾಡಿ ತಮ್ಮ ಫೋನನ್ನು ಹುಡುಕಿ ಮಗನಿಗೆ ಮಾಡಿದರು. “ಹಾಝಿಮ್, ನಾಳೆ ಮಾತಾಡೋದು ನಾನು. ನೀನು ಬಾಯಿ ಬಿಡಬೇಡ... ಯಾಕೆ ಅಂದ್ರೆ? ನನ್ನ ತಲೆ ಸರಿಯಾಗಿದೆ, ಅದಕ್ಕೆ. ಕ್ಷೌರದ ಶುಕ್ರಿ ಹೇಳಿದ್ದಾನೆ.”

“ಹಾಗಾದ್ರೆ ಮಾದಬಾದವಳು ಇಲ್ವೇ ಇಲ್ವಾ?” ಎಂದು ಗಸ್ಸಾನ್ ನಿಜವಾಗಿ ನೊಂದವನಂತೆ ಕೇಳಿದ. “ಅವಳಿಗೆ ನಾನು ಮೂರು ಮಕ್ಕಳನ್ನೂ ಕೊಟ್ಟಾಗಿತ್ತಲ್ಲ ಚಿಕ್ಕಪ್ಪ, ಟ್ಯಾಕ್ಸಿ ಸ್ಟ್ಯಾಂಡಿನ ಹರಟೇಲಿ!”

ಗೂಡಿನೊಳಗಿಂದ ಸಣ್ಣದೊಂದು ದನಿ ಹಲೋ ಹಲೋ ಎನ್ನುತ್ತಲೇ ಇದೆಯೆಂದು ಸರದಿಯವನು ತೋರಿಸಿದ. ಶುಕ್ರಿ ಫೋನನ್ನು ಎಡಗಿವಿಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದ. ಅವಳು ಎಲ್ಲವನ್ನೂ ಕೇಳಿದ್ದಳು.

“ಮೂರು ವರ್ಷನಾ ಅಪ್ಪ?”

“ಹೂಂ.”

“ಮತ್ತೆ ನಾನು ತಂದುಕೊಟ್ಟಿದ್ದು?”

“ಚೆನ್ನಾಗಿದೆ ಮಗಳೇ. ಎಲ್ಲರೂ ಹೊಗಳ್ತಾರೆ.”

ಆ ಕಡೆ ಅವಳು ಮೂಗು ಸೆಳೆದುಕೊಂಡದ್ದು, ಮೂಗು ಸೆಳೆದುಕೊಳ್ಳುತ್ತಲೇ ನಕ್ಕದ್ದು, ಎರಡೂ ಬೇರೆ ಬೇರೆಯಾಗಿ, ಹತ್ತಿರದಲ್ಲಿ ಕೇಳಿದವು. “ಶನಿವಾರ ಬರ್ತೀನಿ. ಡಾಕ್ಟರ ಹತ್ರ ಹೋಗೋಣ. ಬರಲ್ಲ ಅಂದ್ರೆ ಅಮ್ಮಂಗೆ ಮಾದಬಾ ವಿಷಯ ನಿಜ ಅಂತ ಹೇಳ್ತೀನಿ.”

“ಅವಳು ನಂಬಲ್ಲ” ಎಂದ ಶುಕ್ರಿ. “ಬಾ. ಬರ್ತೀನಿ.”

ಅಬೂ ಹಾಝಿಮರು ಮತ್ತೆ ಕುರ್ಚಿಯಲ್ಲಿ ಕೂತು, ಕನ್ನಡಿಯ ಚೌಕಟ್ಟಿನಿಂದ ಚೀಟಿಯನ್ನು ತಾವೇ ತೆಗೆದು, ನಾಲ್ಕು ತುಂಡು ಮಾಡಿ ಕಸದ ಡಬ್ಬಕ್ಕೆ ಹಾಕಿದರು. ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ಬೆಂಚಿನಲ್ಲಿ ಚಹಾದ ಲೋಟಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಗಸ್ಸಾನ್ ಹೊಸ ಸುದ್ದಿಯನ್ನು ಸ್ಟ್ಯಾಂಡಿಗೆ ಹೇಗೆ ಒಯ್ಯಬೇಕೆಂದು ಗಟ್ಟಿಯಾಗಿ ಲೆಕ್ಕ ಹಾಕುತ್ತಿದ್ದ. ಶುಕ್ರಿಯ ಬಲಗಿವಿ ಬೋಳಾಗಿ, ತಣ್ಣಗೆ, ಗಾಳಿಗೆ ತೆರೆದುಕೊಂಡಿತ್ತು. ಅದು ಎಲ್ಲರಿಗೂ ಕಾಣುತ್ತಿದೆ ಅನಿಸಿ ಒಮ್ಮೆ ಮುಟ್ಟಿ ನೋಡಿಕೊಂಡ. ಕೂದಲು ಕತ್ತರಿಸಿ ಮುಗಿಸಿ ನೊರೆ ಹಚ್ಚಿದ. ಕತ್ತಿಯನ್ನು ಗಲ್ಲದ ಕೆಳಗೆ ಇಡಬೇಕು ಎನ್ನುವಾಗ ಕನ್ನಡಿಯಲ್ಲಿ ಅಬೂ ಹಾಝಿಮರ ತುಟಿ ಅಲ್ಲಾಡಿತು. ಮೆಲ್ಲಗೆ, ಹಿಂದಿನ ಹಾಗೆಯೇ, ಅಳೆದು ಒಂದು ಮಾತು. ಅವನು ಎಡಬದಿಯಲ್ಲಿದ್ದ. ಹತ್ತಿಯ ಮೂಟೆ. ಬೆರಳು ಅಭ್ಯಾಸಬಲದಿಂದ ಬಲಗಿವಿಗೆ ಹೋಗಿ ಬರಿಯ ಚರ್ಮವನ್ನು ಮುಟ್ಟಿ ಹಿಂದಿರುಗಿತು. ಶುಕ್ರಿ ಕತ್ತಿಯನ್ನು ಮಡಚಿಟ್ಟು, ಕುರ್ಚಿಯನ್ನು ಸುತ್ತಿಕೊಂಡು ಆ ಕಡೆಗೆ ಹೋಗಿ, ಸೊಂಟ ಬಗ್ಗಿಸಿ, ಎಡಗಿವಿಯನ್ನು ಅವರ ಬಾಯಿಗೆ ತಾಗುವಷ್ಟು ಹತ್ತಿರ ತಂದು, “ಏನಂದ್ರಿ? ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ” ಅಂದ.

“ಏನೂ ಇಲ್ಲ” ಎಂದರು ಅಬೂ ಹಾಝಿಮರು, ಕಣ್ಣು ಬಿಡದೆಯೇ. “ಬಗ್ಗಿ ಕೇಳ್ತೀಯೋ ಇಲ್ವೋ ನೋಡ್ದೆ.”